ಕಾಕಾನ ಕಂಪ್ಯೂಟರಿಗೆ ಕರೆಯದೆ ಬಂದವರು

ನಾಲ್ಕು ದೇಶಗಳಲ್ಲಿ ಕೆಲಸ ಮಾಡಿದವಳು ನಾನು. ಎರಡರಲ್ಲಿ ಪಾಕೀಟು ಕಳಕೊಂಡೆ, ಒಂದರಲ್ಲಿ ಪಾಸ್‌ಪೋರ್ಟು. ಆದರೆ ಕರೆಯದೆ ಒಳಗೆ ಬಂದು ಕಾಲು ಚಾಚಿ ಕೂರುವವರನ್ನು ಇಷ್ಟು ಮಂದಿ ಒಟ್ಟಿಗೆ ನೋಡಿದ್ದು ಮೂಡಲಗಿಯ ನಮ್ಮ ಕಾಕಾನ ಕಂಪ್ಯೂಟರಿನೊಳಗೆ ಮಾತ್ರ. ರಜೆಗೆ ಬಂದು ಗೋಕಾಕದ ಮನೆಯಲ್ಲಿ ನಾನಿನ್ನೂ ಬ್ಯಾಗು ಕೆಳಗಿಟ್ಟಿರುವುದಿಲ್ಲ, ಅಷ್ಟರಲ್ಲಿ ಕಾಕಾನ ಫೋನು. "ಯವ್ವಾ, ಮತ್ತ ಏನೋ ಹೊಕ್ಕೈತಿ. ಲಗೂ ಬಾ."

ಕಾಕಾ ಕೋರ್ಟಿನ ಗುಮಾಸ್ತನಾಗಿದ್ದವ. ನಿವೃತ್ತನಾದ ಮೇಲೆ ಪುಕ್ಕಟೆಯಾಗಿ ಗಂಡು ಹೆಣ್ಣು ಹೊಂದಿಸುವ ಕೆಲಸ ಹಿಡಿದಿದ್ದಾನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಲಗ್ನದ ವಯಸ್ಸಿನವರ ಬಯೋಡಾಟಾಗಳು ಅವನ ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿವೆ. ಹೆಣ್ಣುಮಕ್ಕಳ ಫೋಟೋ, ಅಪ್ಪಂದಿರ ಫೋನ್ ನಂಬರು ಎಲ್ಲವೂ ಅದರಲ್ಲೇ. ನಂಬಿ ಕೊಟ್ಟದ್ದು. ಆ ಫೋಲ್ಡರು ಹೋದರೆ ಲಗ್ನಗಳು ನಿಲ್ಲುತ್ತವೆ, ಬೇರೆಯವರ ಕೈಗೆ ಸಿಕ್ಕರೆ ಕಾಕಾ ಊರಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ.

೧. ಬ್ಯಾಡ ಅನ್ನೋದು ಹೆಂಗ?

ಮೊದಲ ಸಲ ಹೋದಾಗ ಪರದೆಯ ತುಂಬ ಟೂಲ್‌ಬಾರುಗಳು, ಪಟ್ಟಿಯ ಮೇಲೆ ಪಟ್ಟಿ. ಏನಾದರೂ ಓದಲು ಉಳಿದದ್ದು ಅಂಗೈ ಅಗಲದ ಜಾಗ. ಒಂದು ಪಟ್ಟಿ ಹವಾಮಾನ ಹೇಳುತ್ತಿತ್ತು, ಅದೂ ಹಿಮ ಬೀಳುವ ಯಾವುದೋ ಊರಿನದು. ಇನ್ನೊಂದು ಇಸ್ಪೀಟು ಆಡಲು ಕರೆಯುತ್ತಿತ್ತು. ಮೂಲೆಯಲ್ಲೊಂದು ನಾಯಿಮರಿ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಇವೆಲ್ಲ ಹೇಗೆ ಬಂದವು ಎಂದು ಕೇಳಿದೆ. ಅವು ಬರಲೇನು ಅಂದವಂತೆ, ಇವನು ಹೂಂ ಅಂದನಂತೆ.

ನಮ್ಮ ಕಡೆ ಹೊಸ್ತಿಲಿಗೆ ಬಂದವರು ವಿಮೆ ಮಾರುವವರಾದರೂ ಚಹಾ ಕುಡಿಯದೆ ಹೋಗುವುದಿಲ್ಲ. ಕಾಕಾ ಅದೇ ರಿವಾಜನ್ನು ಕಂಪ್ಯೂಟರಿಗೂ ಹಚ್ಚಿದ್ದ.

"ಪಾಪ, ಹೌದು ಇಲ್ಲ ಎರಡೂ ಬರದು ಮುಂದ ಇಟ್ಟು ಮರ್ಯಾದಿಲೆ ಕೇಳತೈತಿ. ಮಾರಿ ಮ್ಯಾಲ ಬ್ಯಾಡ ಅನ್ನೋದು ಹೆಂಗ?"

ಅರ್ಧ ದಿನ ಕೂತು ಎಲ್ಲವನ್ನೂ ಹೊರಗೆ ಹಾಕಿದೆ. ನಾಯಿಮರಿಯ ಸರದಿ ಬಂದಾಗ ಕಾಕಾ ಎದ್ದು ಅಂಗಳಕ್ಕೆ ಹೋದ. ವೈರಸ್ ಹಿಡಿಯಲು ಒಳ್ಳೆಯದೊಂದು ಆ್ಯಂಟಿವೈರಸ್ ಹಾಕಿ, ಇನ್ನು ಏನೇ ಕೇಳಿದರೂ ಬ್ಯಾಡ ಅನ್ನಬೇಕೆಂದು ಆಣೆ ಮಾಡಿಸಿಕೊಂಡು ಬಂದೆ.

ಆರು ತಿಂಗಳಿಗೆ ತಿರುಗಿ ಬಂದರೆ ಆ್ಯಂಟಿವೈರಸ್ಸೇ ಕೆಲಸ ನಿಲ್ಲಿಸಿ ಕೂತಿದೆ. ಹೊಸ ವೈರಸ್‌ಗಳ ಪಟ್ಟಿ ತಂದುಕೊಳ್ಳಲೇ ಎಂದು ಅದು ದಿನಾ ಕೇಳಿದೆ, ಕಾಕಾ ದಿನಾ ಬ್ಯಾಡ ಅಂದಿದ್ದಾನೆ.

"ಭಾಳ ಬೆನ್ನ ಹತ್ತಿತ್ತು ಅದು. ನನಗ ಅದರ ಮ್ಯಾಲೇ ಸಂಶಯ ಬಂತು."

೨. ಮೂವರು ಕಾವಲುಗಾರರು

ಅದಾದ ಮುಂದಿನ ಸಲ ಕಂಪ್ಯೂಟರಿನ ಗುಂಡಿ ಒತ್ತಿದೆ. ಪರದೆ ಬೆಳಗುವಷ್ಟರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಒಳಗೆ ನಾಲ್ಕು ರೊಟ್ಟಿ ಬಡಿದು ಮುಗಿಸಿದ್ದಳು. ನೋಡಿದರೆ ಈಗ ಒಂದಲ್ಲ, ಮೂರು ಆ್ಯಂಟಿವೈರಸ್. ಒಂದು ನಾನು ಹಾಕಿದ್ದು. ಇನ್ನೊಂದು ಹುಕ್ಕೇರಿಯ ಬೀಗರು ಅಕ್ಕರೆಯಿಂದ ಕೊಟ್ಟದ್ದು. ಮೂರನೆಯದು ಅಂಕಲಗಿಯ ಮಾಸ್ತರೊಬ್ಬರು ಲಗ್ನದ ವಿಷಯಕ್ಕೆ ಬಂದವರು, ಬರಿಗೈಲಿ ಬರಬಾರದೆಂದು ತಂದದ್ದು.

ಮೂರೂ ಒಂದನ್ನೊಂದು ಕಳ್ಳನೆಂದು ಹಿಡಿಯುತ್ತಿದ್ದವು. ಇದು ಅದನ್ನು ಕೋಣೆಗೆ ಹಾಕಿ ಕೀಲಿ ಜಡಿಯುವುದು, ಅದು ಹೊರಗೆ ಬಂದು ಇದರ ಕೊರಳಪಟ್ಟಿ ಹಿಡಿಯುವುದು. ಇದರ ನಡುವೆ ಖರೇ ಕಳ್ಳ ಯಾವುದೋ ಹೆಸರಿಟ್ಟುಕೊಂಡು ಆರಾಮಾಗಿ ಕೂತಿದ್ದ.

ಒಂದನ್ನೇ ಇಟ್ಟುಕೊಂಡು ಉಳಿದೆರಡನ್ನು ತೆಗೆಯೋಣ ಎಂದೆ. ಮಾಸ್ತರದನ್ನು ತೆಗೆಯಲು ಕಾಕಾ ಕಷ್ಟಪಟ್ಟು ಒಪ್ಪಿದ. ಎರಡನೆಯದು ಯಾವುದು ಎಂದಾಗ ನನ್ನದಕ್ಕೆ ಬೆರಳು ತೋರಿಸಿದ.

"ನೀ ಮನಿ ಮಗಳು. ನೀ ಬ್ಯಾಸರ ಮಾಡ್ಕೊಳ್ಳಾಂಗಿಲ್ಲ."

೩. ಹೆಪ್ಪಿನ ಹಾಗೆ ಓಡಾಡುವ ಪೆನ್‌ಡ್ರೈವ್

ಮೊಸರಿಗೆ ಹೆಪ್ಪು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಮ್ಮಲ್ಲಿ ಪೆನ್‌ಡ್ರೈವೂ ಹಾಗೆಯೇ. ಕಾಕಾನದು ಒಮ್ಮೆ ಘೋಡಗೇರಿಗೆ ಹೋಗಿ, ಅಲ್ಲಿಂದ ಹುಕ್ಕೇರಿಯ ಫೋಟೋ ಸ್ಟುಡಿಯೋಗೆ ಹೋಗಿ, ಎರಡು ಮನೆಯ ಸೀಮಂತದ ಫೋಟೋ ತುಂಬಿಕೊಂಡು ಹದಿನೈದು ದಿನಕ್ಕೆ ಮನೆಗೆ ಬಂತು. ಬರುವಾಗ ವೈರಸ್ಸನ್ನೂ ಕರೆದುಕೊಂಡು ಬಂತು. ಅದನ್ನು ಚುಚ್ಚಿದ ಮರುಕ್ಷಣ ಬಯೋಡಾಟಾ ಫೋಲ್ಡರು ಖಾಲಿ.

ನಾನು ಹೋದಾಗ ಕಾಕಾ ಊಟ ಬಿಟ್ಟು ಕೂತಿದ್ದ. ಟೈಪು ಮುಗಿದ ಖುಷಿಯಲ್ಲಿ ಮೂಲ ಕಾಗದಗಳನ್ನೆಲ್ಲ ರದ್ದಿಗೆ ಹಾಕಿಬಿಟ್ಟಿದ್ದನಂತೆ. ಹುಡುಗಿಯರ ಅಪ್ಪಂದಿರು ಫೋನು ಮಾಡಿದರೆ ಕಾಕು ಎತ್ತಿ, ಅವರು ಜಳಕಕ್ಕೆ ಹೋಗ್ಯಾರ ಅನ್ನುತ್ತಿದ್ದಳು. ಎರಡು ದಿನದಿಂದ ಕಾಕಾ ಜಳಕದಲ್ಲೇ ಇದ್ದ.

ಆ ವೈರಸ್ ಕಡತಗಳನ್ನು ಅಳಿಸಿರಲಿಲ್ಲ, ಕಣ್ಣಿಗೆ ಕಾಣದಂತೆ ಬಚ್ಚಿಟ್ಟಿತ್ತು ಅಷ್ಟೆ. ಸಂಜೆಯೊಳಗೆ ಎಲ್ಲವನ್ನೂ ಹೊರಗೆ ತಂದೆ. ಖಾಲಿ ಎಂದು ಕಾಕಾ ಅಂದುಕೊಂಡಿದ್ದ ಫೋಲ್ಡರಿನಲ್ಲಿ ಒಂದು ಬಯೋಡಾಟಾ ಮಾತ್ರ ಮೊದಲಿನಿಂದಲೂ ತನ್ನ ಜಾಗದಲ್ಲೇ ಇತ್ತು, ಒಂದಕ್ಷರ ಹಾಳಾಗಿರಲಿಲ್ಲ. ತೆರೆದು ನೋಡಿದೆ. ನನ್ನದು. ನನಗೆ ಹೇಳದೆ ಹತ್ತು ವರ್ಷದಿಂದ ಕಾಕಾ ಅದನ್ನು ಇಟ್ಟುಕೊಂಡಿದ್ದ. ಮೂರು ತಾಲೂಕಿನವರ ಹಾಗೆ ವೈರಸ್ಸಿಗೂ ನಾನು ಒಪ್ಪಿಗೆಯಾಗಿರಲಿಲ್ಲ.

೪. ಕಂಪನಿಯವನ ಫೋನು

ಈ ವರ್ಷದ್ದು ಎಲ್ಲಕ್ಕಿಂತ ದೊಡ್ಡದು. ಒಂದು ಮುಂಜಾನೆ ಕಾಕು ಗೋಕಾಕಕ್ಕೆ ಫೋನು ಮಾಡಿ ಪಿಸುಗುಟ್ಟಿದಳು. ಕಂಪ್ಯೂಟರ್ ಕಂಪನಿಯವನೊಬ್ಬ ಕಾಕಾಗೆ ಫೋನು ಮಾಡಿ, ನಿಮ್ಮ ಕಂಪ್ಯೂಟರಿನಲ್ಲಿ ತೊಂಬತ್ತು ವೈರಸ್ ಇವೆ ಎಂದನಂತೆ. ತಾನು ಹೇಳಿದ ಸಾಫ್ಟ್‌ವೇರ್ ಇಳಿಸಿಕೊಂಡರೆ ತಾನಿದ್ದಲ್ಲಿಂದಲೇ ಒಳಗೆ ಬಂದು ತೊಳೆದುಕೊಡುವನಂತೆ. ಕಾಕಾ ಅದನ್ನು ಇಳಿಸಲು ಹಚ್ಚಿದ್ದಾನೆ.

ಅಂಥ ಮೋಸಗಾರರು ಒಳಗೆ ಬಂದರೆ ಏನು ಹೊತ್ತೊಯ್ಯುತ್ತಾರೆಂದು ನನಗೆ ಗೊತ್ತು. ತಂತಿ ಕಿತ್ತುಬಿಡು ಎಂದೆ. "ನಡುವ ಬಂದ್ ಮಾಡಿದ್ರ ಫೋಲ್ಡರ್ ಅಳಿಸಿ ಹೋಗತೈತಿ ಅಂತ ಅಂವ ಹೇಳ್ಯಾನ," ಎಂದಳು ಕಾಕು. ಒಮ್ಮೆ ಖಾಲಿ ಫೋಲ್ಡರು ನೋಡಿದ ಮನೆ, ಮುಟ್ಟುವ ಧೈರ್ಯ ಯಾರಿಗಿದೆ?

ಸಿಕ್ಕ ಬಸ್ಸು ಹತ್ತಿದೆ. ಅದು ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಮೆರವಣಿಗೆ ಹೊರಟಿತು. ದಾರಿಯುದ್ದಕ್ಕೂ ಕಾಕಾನ ಫೋನು ಎಂಗೇಜ್.

ಹೋಗಿ ನೋಡಿದರೆ ಮೂಡಲಗಿಯ ಇಂಟರ್‌ನೆಟ್ಟು ದೇವರಂತೆ ಕಾಪಾಡಿತ್ತು. ಸಾಫ್ಟ್‌ವೇರ್ ಇನ್ನೂ ಇಳಿಯುತ್ತಲೇ ಇದೆ, ನೂರಕ್ಕೆ ತೊಂಬತ್ತಾರು. ಕಾಕಾನ ಫೋನು ಸ್ಪೀಕರಿನಲ್ಲಿದೆ, ಕೈಯಲ್ಲಿ ಪೆನ್ನು, ಮುಂದೆ ಖಾಲಿ ಬಯೋಡಾಟಾ ಫಾರ್ಮು. ಸುಮ್ಮನೆ ಕೂತು ಕಾಯುವುದು ಹೇಗೆಂದು ಅವನು ತನ್ನ ಕೆಲಸ ಶುರು ಮಾಡಿದ್ದ.

ಎತ್ತರ ಎಷ್ಟು, ಪಗಾರ ಎಷ್ಟು, ಅಪ್ಪ ಏನು ಮಾಡುತ್ತಾನೆ, ಅಕ್ಕತಂಗಿಯರ ಲಗ್ನ ಆಗಿವೆಯೋ ಇಲ್ಲವೋ. ಮೊದಮೊದಲು ಪುಸ್ತಕದಂಥ ಕನ್ನಡದಲ್ಲಿ ಹೆದರಿಸುತ್ತಿದ್ದನಂತೆ ಆ ಕಂಪನಿಯವ. ಈಗ ಅವನ ದನಿ ನಮ್ಮ ಓಣಿಗೆ ಬಂದು ಕೂತಿತ್ತು.

"ಎರಡ ಎಕರೆ ನೀರಾವರಿ ಐತ್ರಿ. ಮೂವತ್ನಾಕ ಮುಗಿದಾವ್ರಿ ನನಗ. ಮೂರ ಕಡೆ ಬ್ಯಾಡ ಅಂದಾರ್ರಿ."

ಕಾಕಾ ಬರೆದುಕೊಂಡ. ಪರದೆಯಲ್ಲಿ ತೊಂಬತ್ತೆಂಟು. ನಾನು ಬಗ್ಗಿ ಇಂಟರ್‌ನೆಟ್ಟಿನ ತಂತಿ ಕಿತ್ತೆ. ಇಳಿಯುತ್ತಿದ್ದದ್ದು ಅಲ್ಲೇ ನಿಂತಿತು. ಮೊದಲು ಫೋಲ್ಡರು ತೆರೆದು ನೋಡಿದೆ, ಎಲ್ಲ ಇತ್ತು. ತಂತಿ ಕಿತ್ತದ್ದನ್ನು ಕಾಕಾ ಫೋನಿಗೆ ಹೇಳಿಯೂಬಿಟ್ಟ. ಈಗ ಬೈಗುಳ ಶುರುವಾಗುತ್ತದೆಂದು ಕಾದೆ.

ಬಂದದ್ದು ಮೆತ್ತನೆಯ ದನಿ. "ಕಂಪ್ಯೂಟರ್ ಹ್ವಾದ್ರ ಹೋಗ್ಲಿ ಬಿಡ್ರಿ ಕಾಕಾ. ಆ ಹುಕ್ಕೇರಿ ಹುಡುಗಿ ಬಗ್ಗೆ ಹೇಳಿದ್ರೆಲ್ರಿ, ಅಕಿದು ಫೋಟೋ ಐತೇನ್ರಿ?"

ಕಾಕಾ ಚಷ್ಮಾ ತೆಗೆದು ಒರೆಸಿಕೊಂಡ.

"ಐತಪಾ, ಕಳಸ್ತೇನಿ. ಮೊದಲ ಈ ನೌಕರಿ ಬಿಡು."