ಭಾವನ ಹೀಟರ್ ಟೆಂಡರು

ಕತಾರಿನಲ್ಲಿ ಹೀಟರ್ ಹುಡುಕಿಕೊಂಡು ಹೊರಟ ಮೊದಲ ಮನುಷ್ಯ ನಮ್ಮ ಭಾವ ಎಂದು ನಾನು ಹೇಳುವುದಿಲ್ಲ. ಅಷ್ಟು ದೊಡ್ಡ ಮಾತು ನನಗೇಕೆ? ಆದರೆ ಒಂದೇ ಒಂದು ಹೀಟರನ್ನು ಆರಿಸುವುದಕ್ಕೆ ಎರಡು ತಿಂಗಳು, ಏಳು ಸಭೆ, ಹದಿನಾಲ್ಕು ಕಾಲಮ್ಮಿನ ಒಂದು ಎಕ್ಸೆಲ್ ಹಾಳೆ ಮತ್ತು ಅಕ್ಕನ ಇಡೀ ವರ್ಷದ ಸಂಡಿಗೆಯನ್ನು ಬಲಿಕೊಟ್ಟವರು ಈ ಭೂಮಿಯ ಮೇಲೆ ಇವರೊಬ್ಬರೇ ಎಂದು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ನಂಬಿಕೆ ಬರದಿದ್ದರೆ ಸಭೆಯ ಮಿನಿಟ್ಸ್ ತೋರಿಸುತ್ತೇನೆ! ಎಲ್ಲವೂ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಭದ್ರವಾಗಿದೆ.

ಭಾವ ಎಂದರೆ ನಮ್ಮ ಅಕ್ಕನ ಗಂಡ. ಮೈಸೂರಿನವರು. ಹತ್ತೊಂಬತ್ತು ವರ್ಷದಿಂದ ದೋಹಾದಲ್ಲಿದ್ದಾರೆ. ಹಮದ್ ಬಂದರಿನ ಹತ್ತಿರ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಕೆಲಸ. ಅಲ್ಲಿ ಮೂರು ಕೊಟೇಶನ್ ತರಿಸದೆ ಒಂದು ಮೊಳೆಯನ್ನೂ ಕೊಳ್ಳುವ ಹಾಗಿಲ್ಲವಂತೆ. ಆಫೀಸಿನಲ್ಲಿ ಹಾಗಿದ್ದರೆ ಇರಲಿ, ಬೇಡ ಎಂದವರು ಯಾರು? ಈ ಮನುಷ್ಯ ಕೊತ್ತಂಬರಿ ಸೊಪ್ಪಿಗೂ ಮೂರು ಅಂಗಡಿ ಸುತ್ತುತ್ತಾರೆ. ಮನೆಗೆ ಬರುವಷ್ಟರಲ್ಲಿ ಸಾರು ಕುದಿದು, ಊಟವಾಗಿ, ಪಾತ್ರೆ ತೊಳೆದಿಟ್ಟಿರುತ್ತದೆ. ಮದುವೆಗೂ ಹೀಗೇ ಮಾಡಿದಿರಾ ಎಂದು ಒಮ್ಮೆ ನಾನು ಕೇಳಿದ್ದೆ. ಅಕ್ಕ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು: "ಹೂಂ ಮತ್ತೆ, ನಂದು ಮೂರನೇ ಕೊಟೇಶನ್. ಮೊದಲೆರಡು ಕಡೆಯವರು ಇವರನ್ನೇ ರಿಜೆಕ್ಟ್ ಮಾಡಿದ್ರು."

ದೇವರು ದಿಂಡರು ಎಂದರೆ ಭಾವನಿಗೆ ಅಷ್ಟಕ್ಕಷ್ಟೆ. ಅಲ್ ಅಜೀಜಿಯಾ ಬಡಾವಣೆಯ ಈಗಿನ ಮನೆಗೆ ಅವರು ಸಾಮಾನು ಸಾಗಿಸಿದ್ದು ಅಮಾವಾಸ್ಯೆಯ ದಿನ, ಅದೂ ರಾಹುಕಾಲದಲ್ಲಿ. ಅಕ್ಕ ಗೋಳಾಡಿದಳು. "ಲಾರಿ ಡ್ರೈವರು ಪೇಶಾವರದವನು ಕಣೆ, ಅವನಿಗೂ ರಾಹುಗೂ ಏನು ಸಂಬಂಧ?" ಎಂದರಂತೆ. ಆ ಮನೆಯನ್ನು ಅವರು ಒಪ್ಪಿದ್ದೇ ಅದಕ್ಕೊಂದು ಶಟರ್ ಹಾಕಿದ ಗ್ಯಾರೇಜು ಇದೆ ಎಂದು. ಕಾರಿಗಲ್ಲ, ಮರಗೆಲಸಕ್ಕೆ. ಕಾರು ಪಾಪ ಬೀದಿಯಲ್ಲಿ ನಿಂತು ಸುಡುತ್ತದೆ, ಒಳಗೆ ತೇಗದ ಹಲಗೆಗಳು ನೆರಳಿನಲ್ಲಿ ಮಲಗಿರುತ್ತವೆ. ವಾರದ ರಜೆ, ಶುಕ್ರವಾರ ಬೆಳಗಾದರೆ ಭಾವ ಲುಂಗಿ ಎತ್ತಿ ಕಟ್ಟಿ, ಕಿವಿಗೊಂದು ಪೆನ್ಸಿಲ್ ಸಿಕ್ಕಿಸಿ ಒಳಗೆ ಹೊಕ್ಕರೆ ಮುಗಿಯಿತು. ತಮಾಷೆ ಏನೇ ಇರಲಿ, ಅವರ ಕೈಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಅವರು ಮಾಡಿಕೊಟ್ಟ ಮಣೆ ನನ್ನ ಬಳಿ ಇದೆ, ಕೂತರೆ ಏಳಲು ಮನಸ್ಸಾಗುವುದಿಲ್ಲ.

ಈಗ ಹೀಟರಿನ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಮಾತು ಒಂದಿಷ್ಟು ಹೇಳಬೇಕು. ನಾನು ಬಸುರಿಯಾಗಿದ್ದೆ, ಮೂರನೆಯ ಸಲ. ಮೊದಲೆರಡು ಸಲ ಮಗು ಕೈಗೆ ಬರಲಿಲ್ಲ. ಎರಡನೆಯದಂತೂ ಆರು ತಿಂಗಳು ತುಂಬಿದ ಮೇಲೆ ಹೋಯಿತು. ಆಮೇಲೆ ಮೂರು ವರ್ಷ ನಾನು ಹೇಗಿದ್ದೆ ಎನ್ನುವುದು ನನಗೂ ನನ್ನ ಗಂಡನಿಗೂ ಗೊತ್ತು, ಅದು ಇಲ್ಲಿ ಬೇಡ. ಈ ಸಲ ಮಾತ್ರ ಹೆದರಿಕೊಂಡು ಮೂಲೆಯಲ್ಲಿ ಕೂರುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಡಾಕ್ಟರು ಜನವರಿ ಕೊನೆ ಎಂದಿದ್ದರು. ನಮಗೆ ಅಮ್ಮ ಇಲ್ಲ, ಹಾಗಾಗಿ ಬಾಣಂತನ ಅಕ್ಕನ ಮನೆಯಲ್ಲೇ ಎಂದು ತೀರ್ಮಾನವಾಗಿತ್ತು. ನವೆಂಬರಿನ ಒಂದು ಶುಕ್ರವಾರ, ಅಕ್ಕನ ಮನೆಯಲ್ಲಿ ಎಲ್ಲರೂ ಇಡ್ಲಿ ತಿನ್ನುತ್ತಿದ್ದಾಗ ನಾನು ಅಪ್ಪಣೆ ಹೊರಡಿಸಿದೆ.

"ಭಾವ, ನನ್ನ ಮಗು ಅಂಗಡಿ ತೊಟ್ಟಿಲಲ್ಲಿ ಮಲಗಲ್ಲ. ನೀವೇ ಮಾಡಿಕೊಡ್ಬೇಕು. ನಾನು ಆಸ್ಪತ್ರೆಗೆ ಹೋಗೋದ್ರೊಳಗೆ ಅದನ್ನ ಕಣ್ಣಾರೆ ನೋಡ್ಬೇಕು."

ಭಾವ ಇಡ್ಲಿಯ ತುಂಡನ್ನು ಚಟ್ನಿಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡರು. ಅದು ಕಳಚಿ ಚಟ್ನಿಯೊಳಗೇ ಬಿತ್ತು.

"ಮಾಡೋಣ. ಆದ್ರೆ ಗ್ಯಾರೇಜಲ್ಲಿ ಚಳಿ. ಚಳಿಗೆ ಮರದ ಗೋಂದು ಹಿಡಿಯಲ್ಲ. ಮೊದಲು ಒಂದು ಹೀಟರ್ ಆಗ್ಬೇಕು," ಎಂದರು.

ನಾವು ಎ.ಸಿ. ಹಾಕುವುದನ್ನು ನಿಲ್ಲಿಸಿ ಇನ್ನೂ ಒಂದು ವಾರವಾಗಿರಲಿಲ್ಲ! ಅಕ್ಕ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಲೇ ಗಂಡನ ಮುಖ ನೋಡಿದಳು. ನಾನು ಎದ್ದು ಹೋಗಿ ಗ್ಯಾರೇಜಿನ ಥರ್ಮಾಮೀಟರ್ ನೋಡಿ ಬಂದೆ. ಇಪ್ಪತ್ತೆರಡು ಡಿಗ್ರಿ ತೋರಿಸುತ್ತಿತ್ತು.

"ಅದು ಗಾಳಿಯ ಟೆಂಪರೇಚರ್," ಎಂದರು ಭಾವ. "ಮರದ್ದು ಬೇರೆ."

ಮುಂದಿನ ಶುಕ್ರವಾರವೇ ಸಮಿತಿ ರಚನೆಯಾಯಿತು. ನನ್ನ ಗಂಡ ತಾಂತ್ರಿಕ ಸದಸ್ಯ. ಅವರು ಇಲ್ಲೇ ದೋಹಾದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಮನೆಯ ಫ್ಯೂಸು ಹೋದರೆ ಮೊಂಬತ್ತಿ ಹುಡುಕುವವರು. ಅಕ್ಕ ಹಣಕಾಸು ಮತ್ತು ಕಾಫಿ. ಹಾಸ್ಟೆಲಿನಲ್ಲಿ ಓದುತ್ತಿರುವ ಅಕ್ಕನ ಮಗಳಿಗೂ ಮಿನಿಟ್ಸ್ ಹೋಗುತ್ತಿತ್ತು. ಅವಳು ಪ್ರತಿ ಸಲ ಒಂದು ಹೆಬ್ಬೆರಳು ಕಳುಹಿಸಿ ಸುಮ್ಮನಾಗುತ್ತಿದ್ದಳು. ನಾನು ಯಾರು ಎಂದು ಕೇಳಿದೆ.

"ನೀನು ಎಂಡ್ ಯೂಸರ್ ಪರವಾಗಿ ಬಂದವಳು. ಎಂಡ್ ಯೂಸರ್ ಇನ್ನೂ ಜಾಯಿನ್ ಆಗಿಲ್ಲ," ಎಂದು ಭಾವ ನನ್ನ ಹೊಟ್ಟೆಯ ಕಡೆ ಪೆನ್ಸಿಲ್ ತೋರಿಸಿ, ಕೂಡಲೇ ಲ್ಯಾಪ್‌ಟಾಪಿನೊಳಗೆ ತಲೆ ಹುದುಗಿಸಿದರು.

ಆಮೇಲೆ ಅಂಗಡಿ ಯಾತ್ರೆ. ಒಂದು ದೊಡ್ಡ ಅಂಗಡಿಯಲ್ಲಿ ಮಲಯಾಳಿ ಸೇಲ್ಸ್‌ಮನ್ ನಗುನಗುತ್ತಾ ಎದುರು ಬಂದ. ಪಾಪ, ಅವನಿಗೇನು ಗೊತ್ತು! ರೂಮು ಎಷ್ಟು ದೊಡ್ಡದು ಎಂದು ಹಿಂದಿಯಲ್ಲಿ ಕೇಳಿದ. ಭಾವ ಗ್ಯಾರೇಜಿನ ಉದ್ದ, ಅಗಲ, ಎತ್ತರ ಹೇಳಿ, ಅದರಲ್ಲಿ ಮರದ ರಾಶಿಯ ಜಾಗ ಕಳೆದು, ಶಟರಿನ ಕೆಳಗಿನ ಸಂದಿಯಿಂದ ಗಂಟೆಗೆ ಎಷ್ಟು ಗಾಳಿ ನುಗ್ಗುತ್ತದೆ ಎಂದು ವಿವರಿಸಿದರು. ಅವನು ಮರುಭೂಮಿಯಲ್ಲಿ ಟೆಂಟ್ ಹಾಕುವವರು ಕೊಳ್ಳುವ ಗ್ಯಾಸ್ ಹೀಟರ್ ತೋರಿಸಿದ. ಮರದ ಹೊಟ್ಟು ಇರುವ ಕಡೆ ಬೆಂಕಿ ಕೂಡದು ಎಂದು ಭಾವ ತಿರಸ್ಕರಿಸಿದರು, ಅದು ನ್ಯಾಯವೇ. ಮುಕ್ಕಾಲು ಗಂಟೆಯಲ್ಲಿ ಆ ಕಪಾಟಿನಲ್ಲಿದ್ದ ಆರೂ ಹೀಟರುಗಳ ಬೆನ್ನಿನ ಚೀಟಿ ಓದಿ ಬರೆದುಕೊಂಡರು. ಕೊನೆಗೆ ಆ ಸೇಲ್ಸ್‌ಮನ್ ಕೈಮುಗಿದ.

"ಸಾರ್, ಆಪ್ ಸ್ವೆಟರ್ ಲೇ ಲೋ. ದೂಸ್ರಾ ಫ್ಲೋರ್."

ಕೊಳ್ಳುವ ಮೊದಲು ಸ್ಯಾಂಪಲ್ ನೋಡಬೇಕಲ್ಲ? ಗುರುತಿನವರ ಮನೆಗಳಿಂದ ಒಂದೊಂದೇ ಹೀಟರ್ ಎರವಲು ಬಂತು. ಮೊದಲು ಬಂದದ್ದು ಫ್ಯಾನ್ ಹೀಟರ್. ಅದನ್ನು ನೆಲದ ಮೇಲಿಟ್ಟು ಸ್ವಿಚ್ ಹಾಕಿದರೆ, ವರ್ಷಗಟ್ಟಲೆ ಕೂತಿದ್ದ ಮರದ ಹೊಟ್ಟೆಲ್ಲ ಎದ್ದು ಶಟರಿನಿಂದ ಹೊರಗೆ ಹಾರಿತು. ಹೊರಗೆ ಅಂಗಳದಲ್ಲಿ ಅಕ್ಕನ ಸಂಡಿಗೆ ಒಣಗುತ್ತಿತ್ತು. ಅರಳು ಸಂಡಿಗೆ, ಬೂದುಗುಂಬಳಕಾಯಿಯದು, ಬಿಳುಪು ಎಂದರೆ ಬಿಳುಪು. ಐದು ನಿಮಿಷದಲ್ಲಿ ಕಂದು ಬಣ್ಣಕ್ಕೆ ತಿರುಗಿತು.

"ಈ ವರ್ಷ ತೇಗದ ಸಂಡಿಗೆ," ಎಂದಳು ಅಕ್ಕ. ಅಷ್ಟೇ ಅಂದಳು. ಮಿನಿಟ್ಸಿನಲ್ಲಿ 'ಹಣಕಾಸು ಸದಸ್ಯೆ ಆಕ್ಷೇಪ ವ್ಯಕ್ತಪಡಿಸಿದರು' ಎಂದು ದಾಖಲಾಯಿತು.

ಎರಡನೆಯದು ಕೆಂಪಗೆ ಹೊಳೆಯುವ ಸರಳಿನ ಹೀಟರ್. ಅದರ ಮುಂದೆ ನಿಂತರೆ ಹೊಟ್ಟೆಗೆ ಮೇ ತಿಂಗಳು, ಬೆನ್ನಿಗೆ ಡಿಸೆಂಬರ್. ಭಾವ ಕಾವಲಿಯ ಮೇಲಿನ ರೊಟ್ಟಿಯ ಹಾಗೆ ಐದೈದು ನಿಮಿಷಕ್ಕೆ ಮಗ್ಗುಲು ತಿರುಗುತ್ತಾ ಒಂದು ಹಲಗೆ ಉಜ್ಜಿದರು. ಹಲಗೆ ಚೆನ್ನಾಗಿ ಬಂತು, ಲುಂಗಿಯ ಅಂಚು ಕಂದಿತು. ಕೆಂಪಗೆ ಕಾಣುವ ಯಾವುದೂ ಮರದ ಹತ್ತಿರ ಇರಬಾರದು ಎಂದು ಅದನ್ನೂ ಕೆಳಗಿಳಿಸಿದರು.

ಮೂರನೆಯದು ಎಣ್ಣೆ ತುಂಬಿದ್ದು. ನೋಡಲು ದಪ್ಪ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದಂತೆ, ಕೆಳಗೆ ಚಕ್ರ. ಸದ್ದಿಲ್ಲ, ಬೆಂಕಿಯಿಲ್ಲ, ಗಾಳಿಯಿಲ್ಲ. ಇದೇ ಸರಿ ಎಂದು ನಮ್ಮೆಲ್ಲರ ಜೀವಕ್ಕೆ ಹಾಯೆನಿಸಿತು. ಆದರೆ ಅದು ಕಾಯುವುದಕ್ಕೆ ಒಂದು ಗಂಟೆ ಬೇಕು. ಅಷ್ಟು ಹೊತ್ತಿಗೆ ಭಾವ ಧೂಳು ಹೋಗಲಿ ಎಂದು ಶಟರ್ ಪೂರ್ತಿ ಎತ್ತಿಬಿಟ್ಟಿರುತ್ತಾರೆ!

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಆರು ತಿಂಗಳು ಈ ಊರನ್ನ ತಣ್ಣಗೆ ಮಾಡೋಕೆ ಕರೆಂಟು ಸುಟ್ಟಿದ್ದಾಯ್ತು. ಇನ್ನು ಬಿಸಿ ಮಾಡೋಕೆ ಸುಡೋಣ ಬಿಡಿ," ಎಂದಳು.

ಎಣ್ಣೆಯದ್ದೇ ತಗೊಂಡು ಖಲಾಸ್ ಮಾಡೋಣ ಅಣ್ಣ ಎಂದು ನನ್ನ ಗಂಡ ಆರನೆಯ ಸಭೆಯಲ್ಲಿ ಬೇಡಿಕೊಂಡರು. ಆಗ ಭಾವ ಹೊಸದೊಂದು ಕಾಲಮ್ ತೆರೆದರು. 'ಕತಾರಿನಲ್ಲಿ ಬಿಡಿಭಾಗ ಸಿಗುತ್ತದೆಯೇ?' ಏಳನೆಯ ಸಭೆಯಲ್ಲಿ ಇನ್ನೊಂದು: 'ಮಗು ತೆವಳುವ ವಯಸ್ಸಿಗೆ ಬಂದಾಗ ಮುಟ್ಟಿದರೆ?' ಇನ್ನೂ ಹುಟ್ಟದ ಮಗು ತೆವಳುವ ತನಕ ಕಾದು ಹೀಟರ್ ಕೊಳ್ಳುವುದಾದರೆ ತೊಟ್ಟಿಲಲ್ಲಿ ಮಲಗುವವರು ಯಾರು? ನಾನೇ?

ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ನಗು ಬರುತ್ತಿರಲಿಲ್ಲ. ಜನವರಿ ಎರಡನೇ ವಾರ. ಕಾಲು ಊದಿತ್ತು, ನಿದ್ದೆ ಇರಲಿಲ್ಲ. ತೊಟ್ಟಿಲನ್ನು ಒಮ್ಮೆ ಕಣ್ಣಿಂದ ನೋಡಿಬಿಟ್ಟರೆ ಮಗು ಬಂದೇ ಬರುತ್ತದೆ ಎಂದು ನನ್ನೊಳಗೆ ಯಾವುದೋ ಹಟ ಕೂತುಬಿಟ್ಟಿತ್ತು. ಈ ಮನುಷ್ಯನಿಗೆ ಅದು ತಿಳಿಯುವುದಿಲ್ಲವೇ ಎಂದು ಅಕ್ಕನ ಹತ್ತಿರ ಅತ್ತೆ. ಅಕ್ಕ ನನ್ನ ತಲೆ ಸವರಿ, "ಅವರ ತಂಟೆಗೆ ಹೋಗ್ಬೇಡ ಕಣೇ, ಮಾಡ್ತಾರೆ," ಎಂದಳು. ನಾನು ಕೇಳುವವಳೇ?

ಶನಿವಾರ ಬೆಳಿಗ್ಗೆ ಗಂಡನನ್ನು ಹೊರಡಿಸಿಕೊಂಡು ಅಂಗಡಿಗೆ ಹೋದೆ. ಹತ್ತು ನಿಮಿಷ ಕೂಡ ಆಗಲಿಲ್ಲ, ಎಣ್ಣೆಯ ಹೀಟರ್ ಕಾರಿನ ಡಿಕ್ಕಿಯಲ್ಲಿತ್ತು. ಕೊಟೇಶನ್ ಇಲ್ಲ, ಸಮಿತಿ ಇಲ್ಲ. ಯಲ್ಲಾ, ನಡೀರಿ ಎಂದು ಸೀದಾ ಅಲ್ ಅಜೀಜಿಯಾಕ್ಕೆ ಬಂದೆವು. ಗ್ಯಾರೇಜಿನ ಶಟರ್ ಅರ್ಧ ಎತ್ತಿತ್ತು, ಭಾವ ಕಾಫಿಗೆ ಒಳಗೆ ಹೋಗಿದ್ದರು. ನನ್ನ ಗಂಡ ಪೆಟ್ಟಿಗೆಯನ್ನು ಒಳಗಿಟ್ಟು ಕಾರು ಸರಿಯಾಗಿ ನಿಲ್ಲಿಸಲು ಹೋದರು. ಪೆಟ್ಟಿಗೆಯಿಂದ ಹೀಟರ್ ತೆಗೆದು, ಪ್ಲಗ್ ಎಲ್ಲಿದೆ ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದೆ. ಅಲ್ಲೊಂದು ಹಳೆಯ ಹಾಸುಹೊದಿಕೆಯಲ್ಲಿ ಏನೋ ಉದ್ದಕ್ಕೆ ಸುತ್ತಿಟ್ಟಿತ್ತು. ಎಳೆದು ಬಿಚ್ಚಿದೆ.

ತೊಟ್ಟಿಲು. ಅಂದರೆ ತೊಟ್ಟಿಲಿನ ಎಲ್ಲ ತುಂಡುಗಳು. ನಾಲ್ಕು ಕಾಲು, ಕಡೆದ ಕಂಬಿಗಳು, ತಲೆಯ ಕಡೆಯ ಹಲಗೆಯ ಮೇಲೆ ಕೆತ್ತಿದ ಎರಡು ಗಿಣಿ. ಎಲ್ಲಕ್ಕೂ ಪಾಲಿಷ್ ಆಗಿತ್ತು. ಒಂದೊಂದರ ಹಿಂದೆಯೂ ಪೆನ್ಸಿಲಿನಲ್ಲಿ ನಂಬರು ಹಾಕಿತ್ತು. ಜೋಡಿಸಿರಲಿಲ್ಲ, ಅಷ್ಟೆ.

ತಲೆಯೆತ್ತಿದರೆ ಭಾವ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಇದು ಯಾವಾಗ ಮುಗೀತು ಭಾವ?"

"ಡಿಸೆಂಬರ್ ಮೊದಲನೇ ವಾರ."

"ಚಳಿಗೆ ಗೋಂದು ಹಿಡಿಯಲ್ಲ ಅಂದ್ರಲ್ಲ."

"ಹಿಡಿಯತ್ತೆ. ಈ ಊರಲ್ಲಿ ಎಲ್ಲಿದೆಯಮ್ಮ ಚಳಿ?"

ಲೋಟವನ್ನು ಮೇಜಿನ ಮೇಲಿಟ್ಟು, ನನ್ನ ಎದುರಿಗೆ ನೆಲದ ಮೇಲೆ ಕೂತರು. ಒಂದು ಕಂಬಿಯನ್ನು ಕೈಗೆತ್ತಿಕೊಂಡರು.

"ಹೋದ ಸಲ ನಿಂಗೆ ಐದು ತಿಂಗಳಾಗಿದ್ದಾಗ್ಲೇ ಒಂದು ಮಾಡಿ ನಿಲ್ಲಿಸಿದ್ದೆ, ಇಲ್ಲೇ. ನಿಂಗೆ ಹೇಳಿರ್ಲಿಲ್ಲ, ಹುಟ್ಟಿದ ಮೇಲೆ ತೋರಿಸೋಣ ಅಂತ. ಸದ್ದು ಬರತ್ತಾ ನೋಡೋಣ ಅಂತ ಒಂದೆರಡು ಸಲ ತೂಗಿದೆ. ನಿಮ್ಮಕ್ಕ ಬೈದಳು, ಖಾಲಿ ತೊಟ್ಟಿಲು ತೂಗಬಾರದು ರೀ ಅಂತ. ನಾನು ನಕ್ಕೆ." ಕಂಬಿಯನ್ನು ಹೊದಿಕೆಯ ಮೇಲಿಟ್ಟರು. "ಆಮೇಲೆ ನೀನು ಆಸ್ಪತ್ರೆಯಿಂದ ಬರೋದ್ರೊಳಗೆ ಅದನ್ನ ಬಿಚ್ಚಬೇಕಾಗಿತ್ತು. ಒಬ್ಬನೇ ಕೂತು ಬಿಚ್ಚಿದೆ. ಇನ್ನೊಂದು ಸಲ ನನ್ನ ಕೈಲಾಗಲ್ಲಮ್ಮ."

ಆ ಮೂರು ವರ್ಷ ದುಃಖವೆಲ್ಲ ನನ್ನೊಬ್ಬಳದೇ ಎಂದುಕೊಂಡಿದ್ದೆ. ಈ ಮನುಷ್ಯ ಅಷ್ಟು ದಿನವೂ ಮಗು ಹೋದದ್ದು ತನ್ನಿಂದಲೇ ಏನೋ ಎಂಬ ಸಂಶಯ ಹೊತ್ತು, ಸಭೆ ಕರೆದು, ಮಿನಿಟ್ಸ್ ಬರೆದು, ನಮ್ಮನ್ನೆಲ್ಲ ನಗಿಸಿಕೊಂಡು ಓಡಾಡುತ್ತಿದ್ದರು. ನಾನು ಅತ್ತೆ. ಅವರೂ ಅತ್ತರು. ನಂತರ ನಾನು ಒಂದೊಂದೇ ತುಂಡನ್ನು ನಂಬರಿನ ಪ್ರಕಾರ ಸಾಲಾಗಿ ಇಟ್ಟು, ಮೊದಲಿನ ಹಾಗೇ ಹೊದಿಕೆ ಸುತ್ತಿ ಮೇಜಿನ ಕೆಳಗೆ ತಳ್ಳಿದೆ.

"ಈ ಹೀಟರ್ ನಂಗೆ ಸರಿ ಕಾಣ್ತಿಲ್ಲ ಭಾವ," ಎಂದೆ. "ವೈರು ಗಿಡ್ಡ. ವಾಪಸ್ ಕೊಟ್ಟುಬಿಡ್ತೀವಿ. ನೀವು ಇನ್ನೆರಡು ಕೊಟೇಶನ್ ತರಿಸಿ, ಅವಸರ ಏನಿಲ್ಲ."

ಅವರು ತಲೆಯಾಡಿಸಿದರು. ಎಂಟನೆಯ ಸಭೆ ಮಾತ್ರ ನಡೆಯಲಿಲ್ಲ.

ಮಗಳು ಹುಟ್ಟಿದ್ದು ಅದಾಗಿ ಹನ್ನೊಂದನೆಯ ದಿನ, ಬೆಳಿಗ್ಗೆ. ಹೊರಗೆ ಉತ್ತರದ ಗಾಳಿ ಬೀಸುತ್ತಿತ್ತು, ಆ ಚಳಿಗಾಲದಲ್ಲೇ ಅಂಥ ಚಳಿ ಬಂದಿರಲಿಲ್ಲ ಎಂದು ನರ್ಸು ಹೇಳಿದಳು. ನನ್ನ ಗಂಡ ಅಕ್ಕನ ಮನೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಅಕ್ಕ ಅಳುತ್ತಾ ತೂಕ ಎಷ್ಟು, ಬಣ್ಣ ಯಾರದು ಎಂದೆಲ್ಲ ಕೇಳಿದಳು. ನಡುವೆ ಭಾವ ಫೋನ್ ಕಸಿದುಕೊಂಡು, "ಅಳು ಕೇಳಿಸಪ್ಪ," ಎಂದರು. ನನ್ನ ಗಂಡ ಫೋನನ್ನು ಮಗುವಿನ ಹತ್ತಿರ ಹಿಡಿದರು. ಅವಳು ಚೆನ್ನಾಗಿಯೇ ಅತ್ತಳು. ಹಲೋ ಅಣ್ಣ, ಹಲೋ ಎಂದು ನನ್ನ ಗಂಡ ಎರಡು ಸಲ ಕೂಗಿದರು. ಆಮೇಲೆ ಗ್ಯಾರೇಜಿನ ಶಟರ್ ಗರಗರ ಎಂದು ಮೇಲೇರುವ ಸದ್ದು ಕೇಳಿಸಿತು.