ಗುಂಡಿ ಪೆಟ್ಟಿಗೆಯಲ್ಲಿ ಸಾಹಿತ್ಯ

"ಇವತ್ತಿನಿಂದ ಈ ಮನೇಲಿ ಒಂದೇ ಒಂದು ಚೀಟಿ ಕಳೆದುಹೋಗಲ್ಲ!"

ಸೋಮವಾರ ಬೆಳಿಗ್ಗೆ ಕಥೆಗಾರರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಈ ಘೋಷಣೆಯನ್ನು ಆಕೆ ವರ್ಷಕ್ಕೆರಡು ಸಲ ಕೇಳುತ್ತ ಬಂದಿದ್ದರು. ಆದರೆ ಈ ಸಲ ಕಥೆಗಾರರಿಗೆ ನಿಜಕ್ಕೂ ಕುತ್ತಿಗೆಗೆ ಬಂದಿತ್ತು. ಕಥೆ ಯಾವಾಗ ಎಂದು ಕೇಳಿದಾಗಲೆಲ್ಲ "ನಾಳೆ ಸಾರ್" ಎನ್ನುತ್ತಿದ್ದುದರಿಂದ ವಾರಪತ್ರಿಕೆಯ ಸಂಪಾದಕರು ಅವರಿಗೆ ಅದೇ ಹೆಸರಿಟ್ಟಿದ್ದರು. ಮೂರು ಸಲ ಕೈಕೊಟ್ಟ ಮೇಲೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಶುಕ್ರವಾರ ಸಂಜೆ ಐದು ಗಂಟೆ. ತಪ್ಪಿದ್ರೆ ಇನ್ನು ನಮ್ಮ ಪತ್ರಿಕೆಗೆ ನೀವು ಬರೆಯೋದೇ ಬೇಡ."

ಕಥೆಗಾರರು ಬರೆಯುತ್ತಿರಲಿಲ್ಲ ಎಂದಲ್ಲ, ಬರೆದದ್ದು ಸಿಗುತ್ತಿರಲಿಲ್ಲ! ಹೊಳೆದದ್ದನ್ನು ಕೈಗೆ ಸಿಕ್ಕ ಕಾಗದದ ಬೆನ್ನ ಮೇಲೆ ಗೀಚಿ ಎಲ್ಲೋ ಸಿಕ್ಕಿಸುವುದು ಇಪ್ಪತ್ತು ವರ್ಷಗಳ ಪದ್ಧತಿ. ಒಬ್ಬ ನಾಯಕಿಯಂತೂ ಪ್ಯಾಂಟಿನ ಜೇಬಿನಲ್ಲೇ ಒಗೆಸಿಕೊಂಡು ಮುದ್ದೆಯಾಗಿ ತೀರಿಕೊಂಡಿದ್ದಳು.

ಶಿಸ್ತಿಗೆ ಖಾನೆಗಳು ಬೇಕು. ಹೆಂಡತಿಯ ಗುಂಡಿ ಪೆಟ್ಟಿಗೆಯಲ್ಲಿ ಹದಿನಾರು ಖಾನೆಗಳಿದ್ದವು. ಕಥೆಗಾರರು ಗುಂಡಿಗಳನ್ನೆಲ್ಲ ಬಕೆಟ್ಟಿಗೆ ಸುರಿದರು. ಖಾನೆಗಳಿಗೆ 'ಆರಂಭ', 'ಜಗಳ', 'ಅಳು', 'ಹವಾಮಾನ', 'ಅಂತ್ಯ' ಎಂದೆಲ್ಲ ಪಟ್ಟಿ ಅಂಟಿಸಿ, ಮನೆಯ ಚೀಟಿಗಳನ್ನೆಲ್ಲ ಬಾಚಿ ತಂದು ತುಂಬಿದರು.

"ರೀ, ನನ್ನ ಗುಂಡಿ ಎಲ್ಲಿ?"

"ಭದ್ರವಾಗಿವೆ."

"ಎಲ್ಲಿ ಅಂತ ಕೇಳಿದ್ದು."

"ಬಕೆಟ್ಟಲ್ಲಿ. ಸಾಹಿತ್ಯಕ್ಕೋಸ್ಕರ ಅಷ್ಟೂ ಸಹಿಸ್ಕೊಳ್ಳೋಕೆ ಆಗಲ್ವೇನೇ?"

ಶಿಸ್ತು ಫಲ ಕೊಟ್ಟಿತು ಎಂದೇ ಹೇಳಬೇಕು. ನಲವತ್ತು ವರ್ಷ ಮುಖ ಕೊಟ್ಟು ಮಾತಾಡದೆ ಸಂಸಾರ ಮಾಡಿದ ದಂಪತಿಯ ಕಥೆ ನಾಲ್ಕೇ ದಿನಕ್ಕೆ ಎದ್ದು ನಿಂತಿತು. ಕೊನೆಯಲ್ಲಿ ಮುದುಕಿ ಗಂಡನಿಗೊಂದು ಕೋಟು ಹೊಲಿಯಲು ಕೂರುತ್ತಾಳೆ. ಅಲ್ಲಿಂದ ಮುಂದಿನ ಹನ್ನೊಂದು ಸಾಲುಗಳಲ್ಲಿ ಸೂರ್ಯಾಸ್ತ, ಕಣ್ಣೀರು ಮತ್ತು "ಓ ಕಾಲವೇ!" ಎಂಬ ಉದ್ಗಾರ. ಆ ಸಾಲುಗಳಿದ್ದ ಹಳದಿ ಚೀಟಿಯನ್ನು 'ಅಂತ್ಯ'ದ ಖಾನೆಯಿಂದ ಎತ್ತಿ, ಕೊನೆಯ ಪುಟಕ್ಕೆ ಪಿನ್ ಹೊಡೆದು, ಶುಕ್ರವಾರ ಮೂರಕ್ಕೇ ಟೈಪಿಂಗ್ ಅಂಗಡಿಗೆ ಕೊಟ್ಟರು. ಟೈಪು ಮಾಡಿ ನೇರವಾಗಿ ಪತ್ರಿಕೆಗೆ ಕಳಿಸುವಂತೆ ಹೇಳಿ, ಸಿಳ್ಳೆ ಹಾಕುತ್ತ ಮನೆಗೆ ಬಂದರು.

ಮನೆಯಲ್ಲಿ ಹೆಂಡತಿ ಮೇಜನ್ನೇ ಬುಡಮೇಲು ಮಾಡಿದ್ದರು.

"ಸ್ಕೂಲಿನ ಹೆಡ್ ಮೇಡಂ ಕೋಟಿನ ಚೀಟಿ ನೋಡಿದ್ರಾ? ನಾಳೆ ಅವರ ಬೀಳ್ಕೊಡುಗೆ ಕಣ್ರೀ! ಅಳತೆಯೆಲ್ಲ ಪುಸ್ತಕದಲ್ಲಿದೆ, ಆದ್ರೆ ಯಾವ ಭುಜ ಇಳಿದಿದೆ ಅಂತ ಆ ಚೀಟೀಲೇ ಬರೆದಿದ್ದೆ. ಎಡವೋ ಬಲವೋ ಒಂದೂ ನೆನಪಾಗ್ತಿಲ್ಲ."

"ಎಂಥ ಚೀಟಿ?"

"ಹಳದಿ ಚೀಟಿ. ಬೆನ್ನ ಮೇಲೆ ನೀವೇ ಏನೋ ಗೀಚಿದ್ರಲ್ಲ, ಓ ಕಾಲವೇ ಅಂತ."

ಕಥೆಗಾರರ ಸಿಳ್ಳೆ ಅರ್ಧಕ್ಕೇ ನಿಂತಿತು. ಪಿನ್ ಹೊಡೆಯುವಾಗ ಯಾವ ಮಗ್ಗುಲು ಮೇಲಿತ್ತು? ಅಂಗಡಿಗೆ ಫೋನು ಮಾಡಿ, ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಮೇಲೆ ಇದ್ದಿದ್ದನ್ನೇ ಹೊಡೆದೆ ಸಾರ್," ಎಂದ ಟೈಪಿಂಗಿನವನು. "'ಎಡ ಭುಜ ಅರ್ಧ ಇಂಚು ಇಳಿದಿದೆ. ಅವರಿಗೆ ಹೇಳಬಾರದು. ಕಾಣದ ಹಾಗೆ ಹೊಲಿಯಬೇಕು.' ಸರಿ ತಾನೆ? ಸಾಹಿತ್ಯ ನಮಗೆಲ್ಲಿ ಅರ್ಥ ಆಗುತ್ತೆ! ಕಳಿಸಿಬಿಟ್ಟೆ."

"ಹಾಂ, ಎಡ!" ಎಂದು ಹೆಂಡತಿ ಖುಷಿಯಿಂದ ಯಂತ್ರದ ಮುಂದೆ ಕುಳಿತರು. ಕಥೆಗಾರರು ನೆಲದ ಮೇಲೆ ಕುಳಿತರು. ಇಪ್ಪತ್ತು ವರ್ಷದ ಬರವಣಿಗೆ ಒಂದು ಕೋಟಿನ ಭುಜಕ್ಕೆ ಸಿಕ್ಕಿ ಮಣ್ಣುಪಾಲಾಯಿತಲ್ಲ! ಸಂಪಾದಕರಿಗೆ ಏಳು ಸಲ ಫೋನು ಮಾಡಿದರು. ಎತ್ತಲಿಲ್ಲ. ಆರೂಕಾಲಿಗೆ ಅವರೇ ಮಾಡಿದರು.

"ಸಾರ್, ಆ ಕೊನೆ ಇದೆಯಲ್ಲ..."

"ಏನ್ರೀ ಕೊನೆ ಅದು! ನಲವತ್ತು ವರ್ಷದ ಸಂಸಾರನ ಮೂರೇ ಮಾತಲ್ಲಿ ಹೇಳಿಬಿಟ್ರಿ. ಕಣ್ಣಲ್ಲಿ ನೀರು ಬಂತು. ಎಲ್ಲಿ 'ಓ ಕಾಲವೇ' ಅಂತ ಏನಾದ್ರೂ ಶುರು ಮಾಡ್ತೀರೋ ಅಂತ ಹೆದರಿದ್ದೆ ಕಣ್ರೀ! ಹೇಗೆ ಹೊಳೀತು?"

"ಹೆಂ ಹೆಂ... ಎಲ್ಲಾ ಶಿಸ್ತು ಸಾರ್," ಎಂದು ಕಥೆಗಾರರು ಫೋನು ಇಟ್ಟರು.

ಹೆಂಡತಿ ಬಕೆಟ್ಟನ್ನೂ ಖಾಲಿ ಮಾಡಿದ ಪೆಟ್ಟಿಗೆಯನ್ನೂ ಅವರ ಮುಂದೆ ತಂದಿಟ್ಟರು. ಕಥೆಗಾರರು ತೆಪ್ಪಗೆ ಕೋಟಿನ ಗುಂಡಿ ಒಂದು ಕಡೆ, ಅಂಗಿ ಗುಂಡಿ ಒಂದು ಕಡೆ ಆರಿಸತೊಡಗಿದರು. ಅರ್ಧ ಗಂಟೆಯಾದ ಮೇಲೆ ಮೆಲ್ಲಗೆ ಕೇಳಿದರು:

"ಅಲ್ವೇ, 'ಅವರಿಗೆ ಹೇಳಬಾರದು' ಅಂತ ಯಾಕೆ ಬರ್ಕೊಂಡಿದ್ದೆ?"

"ಹೇಳಿದ್ರೆ ಪಾಪ, ನೊಂದ್ಕೊಳ್ತಾರೆ," ಎಂದರು ಹೆಂಡತಿ, ಹಲ್ಲಿನಿಂದ ದಾರ ಕಡಿಯುತ್ತ. "ನಿಮ್ಮ ಕಥೆ ಓದಿ ನಾನು ಏನೂ ಹೇಳಲ್ವಲ್ಲ, ಹಾಗೇ."