ಒಂಬತ್ತನೆಯ ಚೌಕ

ಗುರುವಾರ ಬೆಳಗ್ಗೆ ಕಚೇರಿಯಲ್ಲಿ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬಳಿಗೆ ಬಣ್ಣದ ಶಿಸ್ತಿನ ಬಗ್ಗೆ ಉಪದೇಶ ಮಾಡುತ್ತಿದ್ದೆ. ನಮ್ಮದು ನಕ್ಷೆ ಅಚ್ಚು ಹಾಕುವ ಕಚೇರಿ. ಅಕ್ಕಪಕ್ಕದ ಎರಡು ದೇಶಗಳಿಗೆ ಒಂದೇ ಬಣ್ಣ ಬಿದ್ದಿದೆಯೇ, ಒಂದರ ಬಣ್ಣ ಇನ್ನೊಂದರ ಗಡಿಯೊಳಕ್ಕೆ ನುಗ್ಗಿದೆಯೇ ಎಂದು ಪರೀಕ್ಷಿಸುವುದು ಇಪ್ಪತ್ತಾರು ವರ್ಷಗಳಿಂದ ನನ್ನ ಉದ್ಯೋಗ. ಅವಳ ನಕ್ಷೆಯಲ್ಲಿ ಸಮುದ್ರದ ನೀಲಿ ಒಂದು ದ್ವೀಪದೊಳಕ್ಕೆ ಕೂದಲೆಳೆಯಷ್ಟು ಕಾಲಿಟ್ಟಿತ್ತು.

"ನೋಡಮ್ಮ, ಬಣ್ಣ ಎಲ್ಲಿರಬೇಕೋ ಅಲ್ಲೇ ಇರಬೇಕು. ಬೇರೆ ಕಡೆ ಇದ್ರೆ ಅದನ್ನ ಕಲೆ ಅಂತಾರೆ" ಎಂದು ಹೇಳಿ, ತಕ್ಕ ಗಾಂಭೀರ್ಯದಿಂದ ಬೆನ್ನು ತಿರುಗಿಸಿ ನಡೆದೆ.

ಹಿಂದಿನಿಂದ ಇಡೀ ವಿಭಾಗಕ್ಕೆ ಒಟ್ಟಿಗೇ ಕೆಮ್ಮು ಬಂತು. ಕೊನೆಗೆ ನಮ್ಮ ಮೇಲಧಿಕಾರಿಗಳು ಕನ್ನಡಕ ಹಣೆಗೇರಿಸಿ ಕೇಳಿದರು: "ನಿಮ್ಮ ಬೆನ್ನ ಮೇಲೆ ಅದ್ಯಾವ ದೇಶ ರೀ? ಗಡಿ ಮಾತ್ರ ಬಹಳ ಅಚ್ಚುಕಟ್ಟಾಗಿದೆ."

ಕೈತೊಳೆಯುವ ಕೋಣೆಯ ಕನ್ನಡಿಯೆದುರು ಕತ್ತು ತಿರುಚಿ ನೋಡಿಕೊಂಡೆ. ಬಿಳಿ ಅಂಗಿಯ ನಟ್ಟನಡುವೆ ಪಿಸ್ತಾ ಹಸಿರಿನ ಒಂದು ಚೌಕ. ಉಳಿದ ದಿನವನ್ನು ಗೋಡೆಗೆ ಬೆನ್ನು ಹಚ್ಚಿಯೇ ಕಳೆದೆ. ಗೋಡೆಗೆ ಬೆನ್ನು ಹಚ್ಚಿದ್ದರಿಂದಲೇ ಈ ಗತಿ ಬಂದದ್ದು ಎಂಬುದು ಬೇರೆ ಮಾತು.

ಇದರ ಮೂಲ ಹುಡುಕುತ್ತ ಹೋದರೆ ನನ್ನ ಷಡ್ಡಕ ಸಿಗುತ್ತಾನೆ. ಹೆಂಡತಿಯ ಅಕ್ಕನ ಗಂಡ. ಆರು ತಿಂಗಳ ಹಿಂದೆ ಅವನು ತನ್ನ ಮನೆಗೆ ಹೊಸ ಕಾಲದ ಬಣ್ಣ ಬಳಿಸಿದ. ಹಾಲಿನ ಮೂರು ಗೋಡೆ ಬೂದಿ, ನಾಲ್ಕನೆಯದು ಅಪಾಯದ ಫಲಕದಂಥ ಕಿತ್ತಳೆ. ಅಂದಿನಿಂದ ನನ್ನ ಹೆಂಡತಿಗೆ ನಮ್ಮ ಹಾಲಿನ ಗೋಡೆಗಳು ಕಣ್ಣಿಗೆ ಚುಚ್ಚತೊಡಗಿದವು.

"ಇದಕ್ಕೆ ಬಣ್ಣ ಅಂತಾರಾ? ಒಗೆದು ಒಗೆದು ಸೋತ ಬ್ಯಾಂಡೇಜ್ ಥರ ಇದೆ."

ಮಗಳು ತಿದ್ದಿದಳು: "ಬ್ಯಾಂಡೇಜ್ ಅಲ್ಲಮ್ಮ, ನಿನ್ನೆ ಕುಡಿದಿಟ್ಟ ಟೀ ಲೋಟದ ತಳ."

"ಭಾವನಿಗೆ ಹೇಳ್ತೀನಿ. ಅವರೇ ಬಂದು ಆರಿಸಿಕೊಡಲಿ" ಎಂದಳು ಹೆಂಡತಿ.

ನನ್ನ ಪೌರುಷ ಎದ್ದು ನಿಂತಿತು. ಈ ಮನೆಯಲ್ಲಿ ಪರದೆ ಅವಳದು, ಪಾತ್ರೆ ಅವಳದು, ಟೀವಿ ಮಗಳದು. ಗೊತ್ತಿರುವ ಒಂದೇ ಒಂದು ವಿದ್ಯೆಯನ್ನೂ ಷಡ್ಡಕನಿಗೆ ಬಿಟ್ಟುಕೊಟ್ಟರೆ ನನಗೆ ಉಳಿಯುವುದು ಪೇಪರ್ ಓದುವ ಕುರ್ಚಿ ಮಾತ್ರ. "ಇಪ್ಪತ್ತಾರು ವರ್ಷ ಭೂಮಂಡಲಕ್ಕೆ ಬಣ್ಣ ಹೊಂದಿಸಿದವನು ನಾನು. ನಾಲ್ಕು ಗೋಡೆ ಯಾವ ಲೆಕ್ಕ?" ಎಂದು ಗುಡುಗಿದೆ.

ಹೆಂಡತಿ ಶಾಂತವಾಗಿ ಷರತ್ತು ಹಾಕಿದಳು. "ಸರಿ, ಹಾಲು ನಿಮ್ಮದು. ಕೆಟ್ರೆ ಇಡೀ ಮನೆ ಭಾವಂದು. ನಿಮ್ಮ ಕುರ್ಚಿ ಇರೋ ಮೂಲೆನೂ ಸೇರಿ."

ನಾನು ವೈಜ್ಞಾನಿಕ ವಿಧಾನ ಹಿಡಿದೆ. ಅಂಗಡಿಯಿಂದ ಒಂಬತ್ತು ಪುಟ್ಟ ಡಬ್ಬಿ ತಂದೆ. ಒಂದರ ಹೆಸರು 'ಮಂಜಿನ ಮುಗುಳುನಗೆ', ಇನ್ನೊಂದರದು 'ಒಂಟೆಯ ಮೌನ'. ಹೆಸರು ನೋಡಿ ಯಾರೂ ಮರುಳಾಗಬಾರದೆಂದು ಎಲ್ಲದರ ಮೇಲೂ ಚೀಟಿ ಅಂಟಿಸಿ ಸಂಖ್ಯೆ ಬರೆದೆ. ಸುತ್ತಲಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆಂಬುದು ನಮ್ಮ ಕಚೇರಿಯ ಮೊದಲ ಪಾಠ. ಹಾಗಾಗಿ ಇಡೀ ಗೋಡೆಗೆ ಬಿಳಿ ಹಾಳೆ ಹೊದಿಸಿ, ಅದರಲ್ಲಿ ಒಂಬತ್ತು ಚೌಕ ಕಿಟಕಿ ಕತ್ತರಿಸಿದೆ. ಕಚೇರಿಯ ಎರಡನೆಯ ಪಾಠ: ಮೊದಲು ಗಡಿ, ಆಮೇಲೆ ಸಂಖ್ಯೆ, ಕೊನೆಗೆ ಬಣ್ಣ. ಪ್ರತಿ ಕಿಟಕಿಯ ಕೆಳಗೂ ಸಂಖ್ಯೆ ಬರೆದು, ಗುರುವಾರ ಮುಂಜಾನೆ ಎದ್ದು ಬಣ್ಣ ಹಚ್ಚುತ್ತ ಬಂದೆ. ಎಂಟು ಮುಗಿಯಿತು. ಒಂಬತ್ತನೆಯ ಡಬ್ಬಿಯ ಮುಚ್ಚಳ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಕಚೇರಿಗೆ ಹೊತ್ತಾಗಿತ್ತು. ಸಂಜೆ ನೋಡಿದರಾಯಿತೆಂದು ಷೂ ಹಾಕಿಕೊಳ್ಳಲು ಗೋಡೆಗೆ ಒರಗಿದೆ. ಒರಗಿದ್ದು ಆರನೆಯ ಚೌಕಕ್ಕೆ. ಮುಂದಿನದು ನಿಮಗೆ ಗೊತ್ತಿದೆ.

ಸಂಜೆ ಅವಮಾನದ ಭಾರದಲ್ಲಿ ಮನೆಗೆ ಬಂದರೆ, ಹಾಲಿನಲ್ಲಿ ಷಡ್ಡಕ ಕೂತಿದ್ದ. ಮುಚ್ಚಳದ ನೆನಪು ತಲೆಯಿಂದ ಹಾರಿಹೋಯಿತು.

"ಬನ್ನಿ ಬನ್ನಿ, ನಿಮ್ಮ ಪ್ರದರ್ಶನ ನೋಡ್ತಾ ಇದ್ದೆ" ಎಂದ ಅವನು. "ಎಂಟೂ ಸುಮಾರು. ಆದ್ರೆ ಈ ಒಂಬತ್ತನೇದು ಇದೆಯಲ್ಲ, ಇದರಲ್ಲಿ ಏನೋ ಇದೆ."

ಹೆಂಡತಿ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದಳು. "ಹೌದು ಭಾವ. ತೀರ ಬಿಳಿನೂ ಅಲ್ಲ, ಹಳದಿನೂ ಅಲ್ಲ. ಎಷ್ಟು ನೆಮ್ಮದಿ ಕೊಡುತ್ತೆ."

"ಫಾರಿನ್ ಹೋಟೆಲ್ ಥರ ಇದೆ" ಎಂದಳು ಮಗಳು.

ಅಲ್ಲಿಯೇ ಹಾಲಿನ ಉಳಿದ ಮೂರು ಗೋಡೆಗಳು ಕಣ್ಣೆದುರಿಗೆ ನಿಂತಿದ್ದವು. ಯಾರೂ ನೋಡಲಿಲ್ಲ. ಹದಿನಾಲ್ಕು ವರ್ಷದಿಂದ ನೋಡುತ್ತಿರುವುದನ್ನು ಯಾರು ನೋಡುತ್ತಾರೆ? ನಾನೂ ಮುಂದೆ ಬಂದು, ಕೈ ಹಿಂದೆ ಕಟ್ಟಿ, ಆ ಬಣ್ಣದ ಸಂಯಮ, ಅದರ ಪ್ರಬುದ್ಧತೆ, ಸಂಜೆಯ ಬೆಳಕನ್ನು ಅದು ಬರಮಾಡಿಕೊಳ್ಳುವ ಸೌಜನ್ಯ, ಇವುಗಳ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಷಡ್ಡಕ ತಲೆದೂಗಿದ. ಮದುವೆಯಾದಾಗಿನಿಂದ ಅವನು ನನ್ನ ಮಾತಿಗೆ ತಲೆದೂಗಿದ್ದು ಅದೇ ಮೊದಲು.

ಶನಿವಾರ ಬೆಳಗ್ಗೆ ಬಣ್ಣದ ಮೇಸ್ತ್ರಿ ಬಂದ. ಈ ಮನೆ ಕಟ್ಟಿದಾಗ ಬಣ್ಣ ಹೊಡೆದವನೂ ಅವನೇ. ಮಾತು ಕಡಿಮೆ. ಚೀಟಿ ಅಂಟಿಸಿದ ಡಬ್ಬಿಯನ್ನು ಅವನ ಕೈಗೆ ಕೊಟ್ಟು, "ಒಂಬತ್ತು. ಅಂಗಡಿಯಲ್ಲಿ ಇದನ್ನೇ ತೋರಿಸಿ ಇದೇ ಬಣ್ಣದ ದೊಡ್ಡ ಡಬ್ಬಿ ತಗೋ. ನಾಲ್ಕೂ ಗೋಡೆಗೆ ಎರಡು ಕೋಟು" ಎಂದು ಆಜ್ಞಾಪಿಸಿ, ವಾಸನೆಯಿಂದ ತಪ್ಪಿಸಿಕೊಳ್ಳಲು ಸಂಸಾರ ಸಮೇತ ಷಡ್ಡಕನ ಮನೆಗೆ ಹೋದೆ.

ಅಲ್ಲಿ ಊಟದ ನಡುವೆ ಮೇಸ್ತ್ರಿಯ ಫೋನ್ ಬಂತು. "ಸಾರ್, ಹಾಳೆ ಕಿತ್ತೆ. ಗೋಡೆ ಮೇಲೆ ನೋಡಿದ್ರೆ…"

ಎದುರಿಗೆ ಕಿತ್ತಳೆ ಗೋಡೆ. ಅದರ ಮುಂದೆ ಷಡ್ಡಕ. ನನ್ನ ಅಧಿಕಾರ ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವಂತಿರಲಿಲ್ಲ. "ನೋಡೋದು ನಂದು, ಹೊಡೆಯೋದು ನಿಂದು. ಒಂಬತ್ತು ಅಂದ್ರೆ ಒಂಬತ್ತೇ. ಪ್ರಶ್ನೆ ಬೇಡ" ಎಂದು ಫೋನಿಟ್ಟೆ.

"ಹಾಗಿರಬೇಕು" ಎಂದ ಷಡ್ಡಕ. ನಾನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.

ಸಂಜೆ ಐದಕ್ಕೆ, ನೋಡಿಯೇ ಹೋಗುತ್ತೇನೆಂದು ಹಟ ಹಿಡಿದ ಷಡ್ಡಕನೊಡನೆ ಮನೆಗೆ ಬಂದು ಬಾಗಿಲು ತೆರೆದೆವು. ಹೆಂಡತಿ ಹೊಸ್ತಿಲಲ್ಲೇ ನಿಂತಳು. "ಕರೆಂಟ್ ಹೋಗಿದೆಯಾ?" ಎಂದು ಕೇಳಿ ಸ್ವಿಚ್ಚು ತಡಕಿದಳು.

ಕರೆಂಟ್ ಇತ್ತು. ದೀಪ ಆಗಲೇ ಉರಿಯುತ್ತಿತ್ತು. ಹಾಲು ಮಾತ್ರ ಬದನೆಕಾಯಿಯ ಒಳಗೆ ಸಿಕ್ಕಿಕೊಂಡಂತಿತ್ತು. ನಾಲ್ಕೂ ಗೋಡೆ ಕಡು ನೇರಳೆ. ನಡುವೆ ಬಿಳಿ ಬಟ್ಟೆ ಹೊದ್ದ ನನ್ನ ಕುರ್ಚಿ, ಸಂತಾಪಕ್ಕೆ ಬಂದ ನೆಂಟನ ಹಾಗೆ ಕಾಣುತ್ತಿತ್ತು.

"ಅಪ್ಪಾ, ಇದು ಯಾವ ದೇಶ?" ಎಂದಳು ಮಗಳು. ಕಚೇರಿಯ ಸುದ್ದಿ ಇವಳಿಗೆ ಯಾರು ಹೇಳಿದರೋ.

"ಏನಯ್ಯಾ ಮಾಡಿದೆ? ನಾನು ಹೇಳಿದ್ದು ಒಂಬತ್ತು" ಎಂದು ಮೇಸ್ತ್ರಿಯ ಮೇಲೆ ಹರಿಹಾಯ್ದೆ.

ಅವನು ಡಬ್ಬಿ ಎತ್ತಿ ಚೀಟಿ ತೋರಿಸಿದ. ಒಂಬತ್ತು. ನನ್ನದೇ ಅಕ್ಷರ. ಚೀಟಿಯ ಕೆಳಗೆ ಬಣ್ಣದ ಹೆಸರು ಇಣುಕುತ್ತಿತ್ತು: 'ರಾಜಸಂಧ್ಯೆ'.

"ಮುಚ್ಚಳ ತೆಗೆದೇ ಇರಲಿಲ್ಲ ಸಾರ್. ಗೋಡೆ ಮೇಲೆ ಎಂಟೇ ಬಣ್ಣ ಇತ್ತು. ಒಂಬತ್ತನೇದು ಖಾಲಿ ಗೋಡೆ. ಅದನ್ನ ಹೇಳೋಕೇ ಫೋನ್ ಮಾಡಿದ್ದು."

ಮನೆಯಲ್ಲಿ ಮೌನ. ಒಂಟೆಯದಲ್ಲ, ಹೆಂಡತಿಯದು. ಅವಳು ನಿಧಾನವಾಗಿ ಹೋಗಿ ಗೋಡೆಯ ಗಡಿಯಾರವನ್ನು ಸರಿಸಿದಳು. ಅದನ್ನು ತೆಗೆಯದೆ ಸುತ್ತ ಬಳಿದಿದ್ದ ಮೇಸ್ತ್ರಿ. ಹಿಂದೆ ತಟ್ಟೆಯಗಲ ಹಳೆಯ ಬಣ್ಣ ಉಳಿದಿತ್ತು. ನಾವೆಲ್ಲರೂ ಅದರ ಸುತ್ತ ಸೇರಿ, ತೀರಿಹೋದವರ ಫೋಟೋ ನೋಡುವಂತೆ ನೋಡಿದೆವು.

"ಎಷ್ಟು ಚೆನ್ನಾಗಿತ್ತು" ಎಂದಳು ಬ್ಯಾಂಡೇಜ್ ಅಂದವಳು.

"ನೆಮ್ಮದಿ ಇತ್ತು" ಎಂದಳು ಟೀ ಲೋಟ ಅಂದವಳು.

ಷಡ್ಡಕ ಆಗಲೇ ನನ್ನ ಕುರ್ಚಿಯ ಬಟ್ಟೆ ಸರಿಸಿ ಅದರಲ್ಲಿ ಕೂತು, ಮೂಲೆಯನ್ನು ಕಿತ್ತಳೆಯ ಕಣ್ಣಿನಿಂದ ಅಳೆಯುತ್ತಿದ್ದ. ನನಗೆ ಉಳಿದದ್ದು ಒಂದೇ ದಾರಿ. ಮೇಸ್ತ್ರಿಯನ್ನು ಗಡಿಯಾರದ ಹತ್ತಿರ ಎಳೆದು ತಂದು, ದನಿ ತಗ್ಗಿಸಿ ಬೇಡಿಕೊಂಡೆ.

"ಹದಿನಾಲ್ಕು ವರ್ಷದ ಹಿಂದೆ ಹೊಡೆದವನು ನೀನೇ ಅಲ್ಲವಾ? ಇದರ ನಂಬರ್ ನೆನಪಿದೆಯಾ?"

"ಇದಕ್ಕೆ ನಂಬರ್ ಇಲ್ಲ ಸಾರ್. ನಾನು ಹೊಡೆದದ್ದು ಬರೀ ಬಿಳಿ."

"ಹಾಗಾದ್ರೆ ಈ ಬಣ್ಣ ಮತ್ತೆ ಬರಬೇಕಾದ್ರೆ ಎಷ್ಟು ದಿನ ಬೇಕು?"

ಮೇಸ್ತ್ರಿ ಗೋಡೆಯನ್ನು ನೋಡಿದ, ಒಗ್ಗರಣೆಯ ಹೊಗೆ ಹಿಡಿದ ಅಡುಗೆಮನೆಯ ಬಾಗಿಲನ್ನು ನೋಡಿದ, ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಬ್ರಷ್ಷನ್ನು ಒರೆಸುತ್ತ ಹೇಳಿದ:

"ನಂದು ಎರಡು ದಿನದ ಕೆಲಸ ಸಾರ್. ನಿಮ್ಮದು ಹದಿನಾಲ್ಕು ವರ್ಷ."